ಬ್ರಶ್ಶಿಲ್ಲದ ಚಿತ್ರಗಳು

"ಬ್ರಶ್ಶೇ ಇಲ್ಲದೆ ಅದೆಂಥಾ ಪೇಂಟಿಂಗು ಮಾರಾಯ್ರೇ?" ಅಂತ ಗೆಳೆಯರು ಕೇಳ್ತಾನೇ ಇರ್ತಾರೆ. ಉತ್ತರ ಕೊಟ್ಟೂ ಕೊಟ್ಟೂ ಸುಸ್ತಾಗಿದೆ, ಅದಕ್ಕೇ ಇಲ್ಲಿ ಬರೆದುಬಿಡೋಣ ಅಂತ :)

ನನ್ನದೇನೂ ದೊಡ್ಡ ಸಿದ್ಧಾಂತ ಅಲ್ಲ. ಎರಡು ವರ್ಷದ ಹಿಂದೆ ಬಲಭುಜ ಹಿಡಿದುಕೊಂಡುಬಿಟ್ಟಿತು. ಫ್ರೋಜನ್ ಶೋಲ್ಡರ್ ಅಂದ್ರು. ಈಸಲ್ ಮುಂದೆ ನಿಂತು ಕೈ ಎತ್ತಿ ಗೆರೆ ಎಳೆಯೋದು ಸಾಧ್ಯವೇ ಇರಲಿಲ್ಲ. ಪೇಂಟಿಂಗ್ ಬಿಡಬೇಕು, ಇಲ್ಲಾ ಬ್ರಶ್ ಬಿಡಬೇಕು. ಬ್ರಶ್ ಬಿಟ್ಟೆ.

ಪ್ಲೈವುಡ್ ಹಲಗೆಯನ್ನ ನೆಲಕ್ಕೆ ಹಾಕಿದೆ. ಅಲ್ಲಾದ್ರೆ ಕೈ ಎತ್ತೋ ಹಾಗಿಲ್ಲ, ಬಗ್ಗಿದರೆ ಸಾಕು. ಮನೆ ರಿಪೇರಿ ಆದಾಗ ಉಳಿದಿದ್ದ ಕರಣೆ ಮೂಲೆಯಲ್ಲಿತ್ತು. ಅಕ್ರಿಲಿಕ್ ಸುರಿದು ಕರಣೆಯಲ್ಲಿ ಎಳೆದೆ... ಅಡಿಯಲ್ಲಿ ಒಣಗಿದ್ದ ನೀಲಿ ಅಲ್ಲಲ್ಲಿ ಇಣುಕಿತು. ಆಮೇಲೆ ಬಚ್ಚಲಿನ ವೈಪರ್, ಹಳೇ ಬಾಚಣಿಗೆ, ತೆಂಗಿನ ನಾರು, ಅವಧಿ ಮುಗಿದ ಎಟಿಎಂ ಕಾರ್ಡು! ಅತ್ತೆ ನೋಡಿ "ಗೋಡೆಗೆ ಗಾರೆ ಮೆತ್ತಿದ ಹಾಗಿದೆ" ಅಂದ್ರು. ಬೈದಿದ್ದೋ ಹೊಗಳಿದ್ದೋ ಗೊತ್ತಾಗಲಿಲ್ಲ.

ಇದೇನೂ ಹೊಸತಲ್ಲ ಬಿಡಿ. ಅಮೆರಿಕದ ಜಾಕ್ಸನ್ ಪೊಲಾಕ್ 1947ರ ಹೊತ್ತಿಗೇ ಕ್ಯಾನ್ವಾಸನ್ನು ನೆಲಕ್ಕೆ ಹಾಸಿ, ಕಡ್ಡಿಯಿಂದ, ಒಣಗಿ ಗಟ್ಟಿಯಾದ ಬ್ರಶ್ಶಿನಿಂದ ಬಣ್ಣ ತೊಟ್ಟಿಕ್ಕಿಸುತ್ತಿದ್ದ. ಜಪಾನಿನ ಕಜುವೊ ಶಿರಾಗ ಹಗ್ಗ ಹಿಡಿದು ಜೋತಾಡುತ್ತಾ ಪಾದದಲ್ಲೇ ಬಣ್ಣ ಬಳಿದ. ಇಟಲಿಯ ಆಲ್ಬರ್ಟೊ ಬುರ್ರಿ ವೃತ್ತಿಯಲ್ಲಿ ಡಾಕ್ಟರು, ಯುದ್ಧಕೈದಿಯಾಗಿ ಟೆಕ್ಸಾಸ್‌ನಲ್ಲಿದ್ದಾಗ ಚಿತ್ರ ಶುರುಮಾಡಿದವ. 1950ರ ದಶಕದಲ್ಲಿ ಹರಿದ ಗೋಣಿಚೀಲಗಳನ್ನು ಹೊಲಿದೇ ಚಿತ್ರ ಮಾಡಿದ. ನಮ್ಮ ದೇಶದ ವಿ.ಎಸ್. ಗಾಯ್ತೊಂಡೆ ಕೈಯಲ್ಲಿ ರೋಲರ್ ಮತ್ತು ಪ್ಯಾಲೆಟ್ ನೈಫ್ ಇತ್ತು.

ಅಷ್ಟು ದೂರ ಯಾಕೆ? ನಮ್ಮ ಮಲೆನಾಡಿನಲ್ಲಿ ದೀವರ ಹೆಂಗಸರು ಹಸೆ ಚಿತ್ತಾರ ಬರೆಯೋದು ಪುಂಡಿ ನಾರಿನ ಕುಂಚದಲ್ಲಿ. ಕೆಮ್ಮಣ್ಣು ಬಳಿದ ಗೋಡೆ, ಅಕ್ಕಿ ಹಿಟ್ಟಿನ ಬಿಳಿ. ಅವರ ಕಣ್ಣಿಗೆ ಅಂಗಡಿಯ ಬ್ರಶ್ಶೇ ವಿಚಿತ್ರ ಸಾಧನ ಇರಬಹುದು!

ಅಡಿಕೆ ಹಾಳೆ ಮೇಲೂ ಮಾಡಿ ನೋಡಿದೆ. ನೀರಲ್ಲಿ ನೆನೆಸಿ, ಮೇಲೆ ಕಲ್ಲು ಹೇರಿ ಒಣಗಿಸಿದರೆ ಚಪ್ಪಟೆಯಾಗುತ್ತೆ. ಒಳಮೈ ನುಣುಪು, ಬಣ್ಣ ಹಿಡಿಯಲ್ಲ, ಸ್ಯಾಂಡ್ ಪೇಪರ್ ಉಜ್ಜಬೇಕು. ಹೊರಮೈಯ ಗೀರುಗಳು ಮಾತ್ರ ಬಣ್ಣವನ್ನು ತಮ್ಮ ದಾರಿಯಲ್ಲೇ ಕರೆದೊಯ್ಯುತ್ತವೆ. ಮಳೆಗಾಲದಲ್ಲಿ ಬೂಷ್ಟು ಬರುತ್ತೆ, ಹುಷಾರು. ಗೋಣಿಗೆ ನೇರ ಎಣ್ಣೆಬಣ್ಣ ಹಾಕಬೇಡಿ, ವರ್ಷ ಕಳೆದಂತೆ ನಾರು ಪುಡಿಯಾಗುತ್ತೆ. ಮೊದಲು ಪ್ರೈಮರ್ ಬಳಿಯಿರಿ.

ಇದರಿಂದ ನನಗೆ ಸಿಕ್ಕಿದ್ದೇನು? ಬ್ರಶ್ ಹಿಡಿದರೆ ನನ್ನ ಕೈ ಕೇಳದೇನೇ ಗುಡ್ಡ, ಮರ, ಸೂರ್ಯ ಬರೆದುಬಿಡುತ್ತಿತ್ತು. ಅಬ್‌ಸ್ಟ್ರಾಕ್ಟ್ ಅಂತ ಕೂತರೂ ಮೂಲೆಯಲ್ಲೊಂದು ಗುಡ್ಡ! ಕರಣೆಗೆ ಗುಡ್ಡ ಬರೆಯೋಕೆ ಬರಲ್ಲ. ಹಾಗಾಗಿ ನಾನು ನೋಡಲೇಬೇಕಾಯ್ತು: ಈ ಕೆಂಪು ಇಲ್ಲಿ ಭಾರವಾಯ್ತಾ, ಆ ಖಾಲಿ ಜಾಗ ಸಾಕಾ ಅಂತ.

ಆದರೆ ಕರಣೆಗೂ ತನ್ನದೇ ಚಾಳಿ ಇದೆ. ತಿಂಗಳೊಳಗೆ ಎಲ್ಲ ಹಲಗೆಗಳೂ ಒಂದೇ ಥರ ಕಾಣತೊಡಗಿದವು. ನೋಡಿದವರು "ಎಷ್ಟು ಚೆನ್ನಾಗಿದೆ, ಯಾವುದರಲ್ಲಿ ಮಾಡಿದ್ರಿ?" ಅಂತ ಮೊದಲು ಕೇಳಿದರೆ, ಚಿತ್ರ ಇನ್ನೂ ಆಗಿಲ್ಲ ಅಂತಲೇ ನನ್ನ ಲೆಕ್ಕ. ಸುಮ್ಮನೆ ಸ್ವಲ್ಪ ಹೊತ್ತು ನಿಂತು ನೋಡಿದರೆ ಆಗಿದೆ.

ಭುಜ ಈಗ ಸರಿಹೋಗಿದೆ. ಬ್ರಶ್ಶೂ ವಾಪಸ್ ಬಂದಿದೆ, ಕರಣೆ ಜೊತೆ ಒಂದೇ ಡಬ್ಬಿಯಲ್ಲಿದೆ. ಮುಂದಿನ ಸರದಿ ಒಡೆದ ಮಂಗಳೂರು ಹೆಂಚಿನದು. ಹೆಂಚಿನ ಮೇಲೆ ಯಾರಾದ್ರೂ ಬಣ್ಣ ಹಾಕಿದ್ದೀರಾ? ಎಷ್ಟು ಹೀರುತ್ತೆ, ಹೇಳಿ ನೋಡೋಣ.