ಭಾವನವರ ದೋಣಿ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದ ನಮ್ಮ ಹಿರಿಯರು, ಹಳೆಯ ದೋಣಿಯೊಂದನ್ನು ಕೊಂಡು ನೋಡು ಎಂಬ ಮೂರನೆಯ ಮಾತನ್ನು ಏಕೆ ಸೇರಿಸಲಿಲ್ಲವೋ ತಿಳಿಯದು. ಬಹುಶಃ ಆ ಗಾದೆಯನ್ನು ಕಟ್ಟಿದವರು ಬಯಲುಸೀಮೆಯವರಿರಬೇಕು. ಮನೆಯ ಕೆಲಸ ಎಂದಾದರೊಂದು ದಿನ ಮುಗಿಯುತ್ತದೆ. ಮದುವೆಯ ಸಾಲವೂ ಹೇಗೋ ತೀರುತ್ತದೆ. ದೋಣಿಯ ದುರಸ್ತಿ ಮುಗಿಯಿತೆಂದು ಹೇಳಿದವರನ್ನು ಮಾತ್ರ ನಾನು ಇನ್ನೂ ಕಂಡಿಲ್ಲ.

ಈ ಜ್ಞಾನ ನನಗೆ ಲಭಿಸಿದ್ದು 2023ರ ಬೇಸಗೆಯಲ್ಲಿ, ಅಮೆರಿಕದ ಮೇರಿಲ್ಯಾಂಡ್ ರಾಜ್ಯದಲ್ಲಿ. ಅಲ್ಲಿ ಅನಾಪೊಲಿಸ್ ಪಟ್ಟಣದ ಸಮೀಪ ನನ್ನ ಅಕ್ಕ, ಭಾವ ಮತ್ತು ಅವರ ಹನ್ನೆರಡು ವರ್ಷದ ಮಗಳು ವಾಸವಾಗಿದ್ದಾರೆ. "ಎಂಟು ವಾರ ಇದ್ದು ಹೋಗು" ಎಂದು ಅಕ್ಕ ಕರೆದಾಗ, ಪಾಠಪ್ರವಚನಗಳಿಂದ ಬಿಡುವು ದೊರೆಯಿತೆಂದು ಹಿಗ್ಗಿ, ಓದಲೆಂದು ನಾಲ್ಕು ಪುಸ್ತಕಗಳನ್ನು ಪೆಟ್ಟಿಗೆಯಲ್ಲಿಟ್ಟುಕೊಂಡು ಹೊರಟೆ. ಆ ನಾಲ್ಕೂ ಪುಸ್ತಕಗಳು ಹೋದಂತೆಯೇ ಹಿಂದಿರುಗಿದವು. ನಾನು ತಲುಪಿದ ಮೂರನೆಯ ದಿನವೇ ಭಾವ ನನ್ನ ಕೈಗೆ ಒಂದು ಉಜ್ಜುವ ಯಂತ್ರವನ್ನೂ ಮೂಗಿಗೆ ಒಂದು ಮುಖವಾಡವನ್ನೂ ಕೊಟ್ಟು, "ಸ್ವಲ್ಪ ಕೆಲಸವಿದೆ, ಬಾ" ಎಂದರು.

ಭಾವ ಗಂಗೊಳ್ಳಿಯವರು. ಹುಡುಗನಾಗಿದ್ದಾಗ ನಿತ್ಯವೂ ಹೊಳೆ ದಾಟಿ ಕುಂದಾಪುರದ ಶಾಲೆಗೆ ಹೋಗುತ್ತಿದ್ದವರು. ಹೊಳೆ ದಾಟಿಸುವ ಆ ಲಾಂಚಿಗೆ ಇದ್ದದ್ದು ಒಂದೇ ಎಂಜಿನ್. ಅದು ನಡುಹೊಳೆಯಲ್ಲಿ ಉಸಿರು ಬಿಟ್ಟಿತೆಂದರೆ, ಅಳಿವೆಯ ಕಡೆಗೆ ಇಳಿಯುವ ನೀರು ದೋಣಿಯನ್ನು ಎಳೆಯತೊಡಗುತ್ತಿತ್ತು; ಉದ್ದನೆಯ ಗಳ ಹಿಡಿದ ಆಳುಗಳು ಕೂಗಾಡುತ್ತಿದ್ದರು; ಹೆಂಗಸರು ದೇವರ ಹೆಸರು ಹೇಳುತ್ತಿದ್ದರು. ಅಂಥ ಒಂದು ಮಳೆಗಾಲದ ಸಂಜೆಯನ್ನು ಭಾವ ಇಂದಿಗೂ ಮರೆತಿಲ್ಲ. ಎಂದಾದರೂ ತನಗೆ ಸ್ವಂತ ದೋಣಿಯಾದರೆ ಅದಕ್ಕೆ ಎರಡು ಎಂಜಿನ್ ಇರಲೇಬೇಕೆಂದು ಅಂದೇ ನಿಶ್ಚಯಿಸಿದರಂತೆ. ಆ ನಿಶ್ಚಯ ಕೈಗೂಡುವಷ್ಟರಲ್ಲಿ ಅವರ ತಲೆಗೂದಲು ಬೆಳ್ಳಗಾಗಿತ್ತು.

ಅವರು ಕೊಂಡದ್ದು 1978ರಲ್ಲಿ ಕಟ್ಟಿದ, 28 ಅಡಿ ಉದ್ದದ ಫೈಬರ್‌ಗ್ಲಾಸ್ ದೋಣಿ. ಎಂಟು ಸಿಲಿಂಡರುಗಳ ಎರಡು ಪೆಟ್ರೋಲ್ ಎಂಜಿನ್. ಬೆಲೆ 9,000 ಡಾಲರ್. "ಒಂದು ಹಳೆಯ ಕಾರಿನ ಬೆಲೆ" ಎಂದು ಭಾವ ಎದೆಯುಬ್ಬಿಸಿ ಹೇಳಿದರು. "ಕಾರು ಮುಳುಗುವುದಿಲ್ಲ" ಎಂದಳು ಅಕ್ಕ.

ಆ ದೋಣಿಯ ವಂಶಾವಳಿಯನ್ನು ಭಾವನವರು ನನಗೆ ಪುರಾಣದಂತೆ ಹೇಳಿದರು. ಗಾಜನ್ನು ನೂಲಿನಂತೆ ಎಳೆದು, ಬಟ್ಟೆಯಾಗಿ ನೇಯ್ದು, ರಾಳದಲ್ಲಿ ನೆನೆಸಿ ಅಚ್ಚಿನಲ್ಲಿ ಪದರ ಪದರವಾಗಿ ಹಾಸುವುದು. ರಾಳ ಗಟ್ಟಿಯಾದ ಮೇಲೆ ಅಚ್ಚಿನಿಂದ ಇಡೀ ದೋಣಿಯನ್ನು ಒಂದೇ ಚಿಪ್ಪಾಗಿ ಎತ್ತುವುದು. 1940ರ ದಶಕದಲ್ಲಿ ಮೊದಲಾದ ಈ ವಿದ್ಯೆಗೆ ನಿಜವಾದ ಕೀರ್ತಿ ಬಂದದ್ದು 1960ರ ನಂತರ. ಆ ವರ್ಷ ಮಯಾಮಿಯಿಂದ ನಸ್ಸೌವಿಗೆ ನಡೆದ ಸಾಗರಪಂದ್ಯದಲ್ಲಿ, ರೇ ಹಂಟ್ ಎಂಬ ನಕ್ಷೆಗಾರ ರೂಪಿಸಿದ, ಆಳವಾದ ಚೂಪುತಳದ "ಮಾಪಿ" ಎಂಬ ದೋಣಿ, ದೊಡ್ಡ ಅಲೆಗಳನ್ನು ಸೀಳಿಕೊಂಡು ಹೋಗಿ ಗೆದ್ದಿತು. ಅದು ಮರದ ದೋಣಿ. ಮರುವರ್ಷ ಅದೇ ಆಕಾರವನ್ನು ಫೈಬರ್‌ಗ್ಲಾಸಿನಲ್ಲಿ ಎರಕ ಹೊಯ್ದು "ಬರ್ಟ್ರಾಮ್ 31" ಎಂಬ ಹೆಸರಿನಿಂದ ಮಾರಾಟಕ್ಕೆ ತಂದರು. ಭಾವನವರ ದೋಣಿಯೂ ಅದೇ ಕುಲದ್ದು. ಗೋತ್ರ ಮಾತ್ರ ಬೇರೆ.

"ಇದಕ್ಕೆ ಗೆದ್ದಲು ಹತ್ತುವುದಿಲ್ಲ, ಇದು ಕೊಳೆಯುವುದಿಲ್ಲ. ನಮ್ಮಿಬ್ಬರ ಕಾಲವಾದ ಮೇಲೂ ಇರುತ್ತದೆ" ಎಂದು ಭಾವ ಚಿಪ್ಪನ್ನು ತಟ್ಟಿದರು. ಮಾತು ಸುಳ್ಳಲ್ಲ. ಆದರೆ ಅರ್ಧಸತ್ಯ. ಚಿಪ್ಪು ಕೊಳೆಯುವುದಿಲ್ಲ, ಚಿಪ್ಪಿನೊಳಗೆ ಅಡಗಿಸಿಟ್ಟ ಮರ ಕೊಳೆಯುತ್ತದೆ. ತಳದುದ್ದಕ್ಕೂ ಓಡುವ ತೊಲೆಗಳು ಆ ದೋಣಿಯಲ್ಲಿ ಒಳಗೆ ಮರ, ಮೇಲೆ ಗಾಜುಬಟ್ಟೆ. ಮುನ್ನೂರು ನಾನೂರು ಕಿಲೋ ತೂಗುವ ಒಂದೊಂದು ಎಂಜಿನ್ನೂ ಕುಳಿತಿರುವುದು ಆ ತೊಲೆಗಳ ಮೇಲೆಯೇ. ಹೊರಗಿನಿಂದ ಕಂಡರೆ ಬೆಣ್ಣೆಯಂತೆ ನುಣುಪು; ಒಳಗೆ ಏನಾಗಿದೆಯೆಂದು ಕಣ್ಣಿಗೆ ಕಾಣದು.

ಕಾಣದುದನ್ನು ಕಿವಿಯಿಂದ ತಿಳಿಯಬೇಕು. ಹಲಸಿನಹಣ್ಣನ್ನು ಬೆರಳಿನಿಂದ ಬಾರಿಸಿ ನೋಡುವಂತೆ, ಮಡಕೆಯನ್ನು ಕೊಳ್ಳುವಾಗ ತಟ್ಟಿ ನೋಡುವಂತೆ, ಚಿಕ್ಕ ಸುತ್ತಿಗೆಯಿಂದ ಅಂಗುಲ ಅಂಗುಲವಾಗಿ ಬಾರಿಸುತ್ತ ಹೋಗಬೇಕು. ಗಟ್ಟಿಯಿದ್ದರೆ ಠಣ್ಣೆನ್ನುತ್ತದೆ, ಒಳಗೆ ಮೆತ್ತಗಾಗಿದ್ದರೆ ದಬ್ಬೆನ್ನುತ್ತದೆ. ಛಂದಸ್ಸು ಕಲಿಸುವವನಿಗೆ ಲಘು ಗುರುಗಳ ವ್ಯತ್ಯಾಸ ತಿಳಿಯದಿರುತ್ತದೆಯೇ? ಸುತ್ತಿಗೆಯನ್ನು ನನಗೇ ವಹಿಸಿದರು. ಬಲಗಡೆಯ ತೊಲೆ ಆದಿಯಿಂದ ಅಂತ್ಯದವರೆಗೂ ಠಣ್ಣೆಂದಿತು. ಎಡ ಎಂಜಿನ್ನಿನ ಕೆಳಗೆ ಸುಮಾರು ಆರು ಅಡಿ ದೂರ ದಬ್ಬೆಂದಿತು. ಭಾವನವರ ಮುಖ ಬಾಡಿತು.

ಕಾರಣ ಸಿಕ್ಕಲು ಒಂದು ದಿನ ಹಿಡಿಯಿತು. ಹಿಂದಿನ ಯಾರೋ ಒಡೆಯ ನೀರೆತ್ತುವ ಪಂಪನ್ನು ಕೂರಿಸಲು ತೊಲೆಗೆ ತಿರುಪುಮೊಳೆಯೊಂದನ್ನು ಹಾಕಿ, ಮತ್ತೆ ಅದನ್ನು ಕಿತ್ತು, ತೂತನ್ನು ಹಾಗೆಯೇ ಬಿಟ್ಟಿದ್ದ. ಕಡ್ಡಿ ತೂರುವಷ್ಟು ತೂತು. ಅದರೊಳಗೆ ಎಷ್ಟು ವರ್ಷಗಳ ನೀರು ತೊಟ್ಟಿಕ್ಕಿತ್ತೋ! ಕ್ರೇನು ಬಂದು ಎಂಜಿನ್ನನ್ನು ಎತ್ತಿದ ಮೇಲೆ ತೊಲೆಯ ನೆತ್ತಿಯನ್ನು ಕೊಯ್ದು ನೋಡಿದರೆ, ಒಳಗಿದ್ದದ್ದು ಮರವಲ್ಲ, ಕಪ್ಪು ಹಿಟ್ಟು. ಕೈಯಿಂದ ಬಾಚಿ ತೆಗೆದೆವು. ಮಳೆಗಾಲದಲ್ಲಿ ನಮ್ಮ ಕಡೆಯ ಸೌದೆಕೊಟ್ಟಿಗೆಗೆ ಬರುವ ವಾಸನೆಯೇ ಅದಕ್ಕೂ ಇತ್ತು.

ಆಮೇಲಿನ ಮೂರು ವಾರ ನನ್ನ ಬಾಳಿನಲ್ಲಿ ಮರೆಯಲಾರದವು. ಹೊಸ ಹಲಗೆಯನ್ನು ಕೂರಿಸಿ ಹೊಸ ಗಾಜುಬಟ್ಟೆಯನ್ನು ಹಳೆಯದಕ್ಕೆ ಬೆಸೆಯಬೇಕಾದರೆ, ಹಳೆಯದರ ಅಂಚನ್ನು ಇಳಿಜಾರಾಗಿ ಉಜ್ಜಬೇಕು. ಒಂದು ಅಂಗುಲ ದಪ್ಪಕ್ಕೆ ಹನ್ನೆರಡು ಅಂಗುಲದ ಇಳಿಜಾರು. ಅಂಚನ್ನು ಮೊಟಕಾಗಿ ಬಿಟ್ಟು ತೇಪೆ ಹಾಕಿದರೆ, ಮೊದಲ ದೊಡ್ಡ ಅಲೆಗೇ ತೇಪೆ ಎದ್ದು ಬರುತ್ತದೆ. ಉಜ್ಜಿದಾಗ ಏಳುವ ಗಾಜಿನ ಧೂಳು ಮೈಗೆ ತಗಲಿದರೆ ನಸುಗುನ್ನಿಯ ಕಾಯಿ ಸೋಂಕಿದಂತೆ ತುರಿಕೆ. ತೋಳು, ಕತ್ತು, ಮೊಣಕಾಲಿನ ಹಿಂಭಾಗ, ಹೇಳಬಾರದ ಇನ್ನೂ ಕೆಲವು ಕಡೆ! ರಾತ್ರಿ ಅಕ್ಕ ತಣ್ಣೀರು ಸ್ನಾನ ಮಾಡಿಸದೆ ಮನೆಯೊಳಗೆ ಸೇರಿಸುತ್ತಿರಲಿಲ್ಲ. ಬಿಸಿನೀರಿನಿಂದ ಚರ್ಮದ ರಂಧ್ರಗಳು ಅರಳಿ ಗಾಜು ಇನ್ನೂ ಒಳಗಿಳಿಯುತ್ತದೆಂದು ಅವಳ ವಾದ.

ರಾಳದ ಕೆಲಸದಲ್ಲಿ ನನ್ನಿಂದ ಒಂದು ಅನಾಹುತವೂ ಆಯಿತು. ದುರಸ್ತಿಗೆ ಬಳಸುವ ಎಪಾಕ್ಸಿಗೆ ಎರಡು ದ್ರವಗಳನ್ನು ಅಳತೆಯಲ್ಲಿ ಬೆರೆಸಬೇಕು. ಬೆರೆಸಿದೊಡನೆ ಅದು ತಾನಾಗಿಯೇ ಬಿಸಿಯಾಗುತ್ತ ಗಟ್ಟಿಯಾಗುತ್ತದೆ. ಮತ್ತೆ ಮತ್ತೆ ಬೆರೆಸುವ ತೊಂದರೆ ಏಕೆಂದು ನಾನು ಒಂದು ಆಳವಾದ ಡಬ್ಬದ ತುಂಬ ಒಮ್ಮೆಗೇ ಕಲಸಿಟ್ಟೆ. ಜೂನ್ ತಿಂಗಳ ಬಿಸಿಲು ಬೇರೆ. ಹತ್ತು ನಿಮಿಷದೊಳಗೆ ಡಬ್ಬ ಹೊಗೆಯಾಡತೊಡಗಿ, ಹಿಡಿದ ಕೈ ಸುಟ್ಟು, ಒಳಗಿನದು ಕಲ್ಲಾಯಿತು. ಅಗಲವಾದ ತಟ್ಟೆಯಲ್ಲಿ ತೆಳ್ಳಗೆ ಹರವಿದ್ದರೆ ಕಾವು ಆರಿ ಅರ್ಧ ಗಂಟೆಯಾದರೂ ಉಳಿಯುತ್ತಿತ್ತಂತೆ. "ವಿದ್ವಾಂಸರೇ, ಇದು ನೂರು ಡಾಲರಿನ ಕಲ್ಲು" ಎಂದರು ಭಾವ. ಆ ಕಲ್ಲು ಈಗ ಅವರ ಮನೆಯ ಬಾಗಿಲಿಗೆ ಒತ್ತುಗಲ್ಲಾಗಿದೆ.

ಇನ್ನು ಎಂಜಿನ್‌ಗಳ ಮಾತು. ಎರಡು ಇದ್ದರೆ ಎರಡು ಪಟ್ಟು ವೇಗವೆಂದು ನಾನು ತಿಳಿದಿದ್ದೆ. ಹಾಗಲ್ಲ, ಎರಡು ಪಟ್ಟು ಖರ್ಚೆನ್ನುವುದು ಮಾತ್ರ ನಿಶ್ಚಯ. ಎರಡರ ಪ್ರೊಪೆಲ್ಲರುಗಳೂ ಒಂದಕ್ಕೊಂದು ಎದುರಾಗಿ ತಿರುಗುತ್ತವೆ. ಆದ್ದರಿಂದ ದೋಣಿ ಒಂದು ಪಕ್ಕಕ್ಕೆ ಎಳೆಯುವುದಿಲ್ಲ. ಒಂದನ್ನು ಮುಂದಕ್ಕೂ ಇನ್ನೊಂದನ್ನು ಹಿಂದಕ್ಕೂ ಓಡಿಸಿದರೆ ದೋಣಿ ಇದ್ದಲ್ಲಿಯೇ ಬುಗುರಿಯಂತೆ ತಿರುಗುತ್ತದೆ. ಪೆಟ್ರೋಲಿನ ಆವಿ ಗಾಳಿಗಿಂತ ಭಾರ. ಸೋರಿದ್ದು ತಳದಲ್ಲಿ ಕೂತಿರುತ್ತದೆ. ಒಂದು ಕಿಡಿ ಸಾಕು. ಆದುದರಿಂದ ಎಂಜಿನ್ ಹೊರಡಿಸುವ ಮೊದಲು ನಾಲ್ಕು ನಿಮಿಷ ಗಾಳಿಯಂತ್ರವನ್ನು ಓಡಿಸಿ ಆವಿಯನ್ನು ಹೊರದೂಡಬೇಕು. ಈ ನಾಲ್ಕು ನಿಮಿಷಗಳ ಅಧಿಕಾರವನ್ನು ಅಕ್ಕನ ಮಗಳು ವಹಿಸಿಕೊಂಡಿದ್ದಳು. ಗಡಿಯಾರ ಹಿಡಿದು ನಿಂತರೆ ಅಪ್ಪನಿಗೂ ಒಂದು ಕ್ಷಣದ ರಿಯಾಯಿತಿಯಿಲ್ಲ.

ಎಂಜಿನ್ನುಗಳನ್ನು ಮರಳಿ ಕೂರಿಸಿದ ದಿನ ಅಕ್ಕ ಊಟದ ಬುತ್ತಿ ತೆಗೆದುಕೊಂಡು ದೋಣಿಕಟ್ಟೆಗೆ ಬಂದಳು. ಭಾವ ಒಂದೊಂದನ್ನೂ ತೋರಿಸಿ ವರ್ಣಿಸಿದರು. ಒಂದು ನಿಂತರೆ ಇನ್ನೊಂದು ಮನೆಗೆ ಮುಟ್ಟಿಸುತ್ತದೆ. ಗಂಗೊಳ್ಳಿಯ ಲಾಂಚಿನ ಗತಿ ತಮಗಿಲ್ಲ. ಅಕ್ಕ ಎಲ್ಲವನ್ನೂ ಕೇಳಿದಳು. ದೋಣಿಯ ವಿಷಯದಲ್ಲಿ ಅವಳಿಗೆ ಆಸಕ್ತಿಯಿರಲಿಲ್ಲ. ಆದರೆ ಮನೆಯ ಜಮಾಖರ್ಚಿನ ಪುಸ್ತಕವನ್ನು ಕನ್ನಡದಲ್ಲಿಯೇ ಬರೆದಿಡುವ ಆಕೆಗೆ ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು ಎಂದು ಕೇಳುವ ಅಭ್ಯಾಸವಿದೆ.

"ಅಲ್ಲ ಮಾರಾಯ್ರೆ, ಎಂಜಿನ್ ಎರಡು, ಸರಿ. ಪೆಟ್ರೋಲು ಎರಡಕ್ಕೂ ಆ ಒಂದೇ ಟ್ಯಾಂಕಿನಿಂದ ಬರುವುದಲ್ಲವಾ?"

ಭಾವ ನಕ್ಕರು. ಆಮೇಲೆ ನಗು ನಿಂತಿತು. ದೋಣಿ ಹುಟ್ಟಿದಾಗ ಅದಕ್ಕೆ ಎಡಕ್ಕೊಂದು ಬಲಕ್ಕೊಂದು ಎರಡು ಟ್ಯಾಂಕುಗಳಿದ್ದವು. ಬಲಗಡೆಯದು ಸೋರಿದಾಗ ಯಾರೋ ಅದನ್ನು ತೆಗೆದುಹಾಕಿ, ಎಡಗಡೆಯದರಿಂದಲೇ ಕವಲುಕೊಳವೆ ಹಾಕಿ ಎರಡೂ ಎಂಜಿನ್ನುಗಳಿಗೆ ಹಾಲೂಡಿಸಿದ್ದರು. ಭಾವನವರಿಗೆ ಇದು ತಿಳಿಯದುದೇನಲ್ಲ. ಅವರು ಎಂಜಿನಿಯರರು. ಆದರೂ ಅವರ ಮನಸ್ಸು ಎಂಜಿನ್ನುಗಳನ್ನು ಎಣಿಸುತ್ತಿತ್ತು, ಟ್ಯಾಂಕುಗಳನ್ನು ಎಣಿಸಿರಲಿಲ್ಲ.

ಹೊಸ ಅಲ್ಯೂಮಿನಿಯಂ ಟ್ಯಾಂಕಿಗೆ, ಕೊಳವೆ ಸೋಸುಬಟ್ಟಲುಗಳೊಂದಿಗೆ, 1,400 ಡಾಲರ್ ಎಂದಾಯಿತು. ಕೈಯಲ್ಲಿ ಉಳಿದಿದ್ದ ಹಣ, ಬಿಸಿಲುಮಳೆಗೆ ಮೇಲೊಂದು ಬಟ್ಟೆಯ ಚಪ್ಪರ ಹಾಕಿಸಲು ಅಕ್ಕ ತೆಗೆದಿರಿಸಿದ್ದು. ಅವಳು ಒಂದು ರಾತ್ರಿ ಯೋಚಿಸಿ, "ಟ್ಯಾಂಕೇ ಹಾಕಿಸಿ. ಎರಡಕ್ಕೂ ನಡುವೆ ಯಾವ ಸಂಬಂಧವೂ ಬೇಡ" ಎಂದಳು.

ಜುಲೈ ತಿಂಗಳಲ್ಲಿ ನಾವು ನಾಲ್ವರೂ ಚೆಸಪೀಕ್ ಕೊಲ್ಲಿಯ ಆಚೆ ದಡದ ಊರೊಂದಕ್ಕೆ ಹೊರಟೆವು. ಈ ಕೊಲ್ಲಿ ಸುಮಾರು ಇನ್ನೂರು ಮೈಲಿ ಉದ್ದ. ಸರಾಸರಿ ಆಳ ಮಾತ್ರ ಇಪ್ಪತ್ತೊಂದು ಅಡಿಯಷ್ಟೆ. ನೀರು ತೆಳುವಾದ್ದರಿಂದ ಗಾಳಿ ಬೀಸಿತೆಂದರೆ ಕ್ಷಣದಲ್ಲಿ ಗಿಡ್ಡ, ಕಡಿದಾದ ಅಲೆಗಳು ಏಳುತ್ತವೆ. ಬೆಳಿಗ್ಗೆ ಎಲ್ಲವೂ ಶಾಂತ. ಸೌತ್ ನದಿಯಿಂದ ಹೊರಬಂದು, 1875ರಲ್ಲಿ ನೀರಿನ ನಡುವೆ ಕಬ್ಬಿಣದ ಕಾಲುಗಳ ಮೇಲೆ ಕಟ್ಟಿದ ಥಾಮಸ್ ಪಾಯಿಂಟ್ ದೀಪಗೃಹವನ್ನು ದಾಟಿದೆವು. ಆರು ಮೂಲೆಯ ಆ ಬಿಳಿಯ ಮನೆ ತೇರಿನಂತೆ ಕಾಣುತ್ತಿತ್ತು. ಭಾವ ಎರಡೂ ಹಿಡಿಗಳನ್ನು ಮುಂದೂಡಿದರು. ದೋಣಿ ಮೂಗೆತ್ತಿ, ಮೈ ಹಗುರ ಮಾಡಿಕೊಂಡು, ನೀರಿನ ಮೇಲ್ಮೈಯಲ್ಲಿ ಜಾರತೊಡಗಿತು. ಅವರ ಮುಖವನ್ನು ನಾನು ನೋಡಿದೆ. ಗಂಗೊಳ್ಳಿಯ ಹುಡುಗ ಅಲ್ಲಿ ನಿಂತಿದ್ದ.

ದೀಪಗೃಹ ಐದು ಮೈಲಿ ಹಿಂದೆ ಸರಿದಿತ್ತು. ಎಡ ಎಂಜಿನ್ ಒಮ್ಮೆ ಕೆಮ್ಮಿತು, ಎರಡು ಬಾರಿ ತಡವರಿಸಿತು, ನಿಂತೇ ಹೋಯಿತು. ದೋಣಿಯ ಮೂಗು ತಗ್ಗಿ ನೀರಿನಲ್ಲಿ ಕುಳಿತಿತು. ಭಾವ ತಳದ ಮುಚ್ಚಳ ತೆಗೆದು, ಗಾಜಿನ ಸೋಸುಬಟ್ಟಲನ್ನು ನೋಡಿದರು. ಅದರಲ್ಲಿ ಸ್ಪಷ್ಟವಾದ ಎರಡು ಪದರ: ಮೇಲೆ ಪೆಟ್ರೋಲು, ಕೆಳಗೆ ನೀರು. ಆ ದೇಶದ ಪೆಟ್ರೋಲಿನಲ್ಲಿ ಸಾಮಾನ್ಯವಾಗಿ ನೂರಕ್ಕೆ ಹತ್ತರಷ್ಟು ಎಥನಾಲ್ ಇರುತ್ತದೆ. ಅದು ಸ್ವಲ್ಪ ನೀರನ್ನು ಹೀರಿಕೊಂಡು ಸುಮ್ಮನಿರುತ್ತದೆ. ಮಿತಿ ಮೀರಿತೆಂದರೆ ನೀರಿನೊಡನೆ ಕೂಡಿ ಒಮ್ಮೆಗೇ ತಳಕ್ಕಿಳಿಯುತ್ತದೆ. ಎಂಜಿನ್ ಹೀರುವುದೂ ತಳದಿಂದಲೇ.

ಅಷ್ಟರಲ್ಲಿ ಅಕ್ಕನ ಮಗಳು ಪಶ್ಚಿಮಕ್ಕೆ ಬೆರಳು ತೋರಿದಳು. ನಾವು ಹೊರಟುಬಂದ ದಡದ ಮೇಲೆ ಆಕಾಶ ಮಸಿಯ ಬಣ್ಣಕ್ಕೆ ತಿರುಗಿತ್ತು. ಬೇಸಗೆಯ ಅಪರಾಹ್ನಗಳಲ್ಲಿ ಅಲ್ಲಿ ಗುಡುಗುಮಳೆ ಹೀಗೆಯೇ ಬರುತ್ತದೆಯಂತೆ. ಮನೆಯೂ ಅದೇ ದಿಕ್ಕು, ಮೋಡವೂ ಅದೇ ದಿಕ್ಕು. ಯಾರೂ ಮಾತನಾಡಲಿಲ್ಲ. ಬಲ ಎಂಜಿನ್ ತನ್ನ ಹೊಸ ಟ್ಯಾಂಕಿನ ಶುದ್ಧ ಪೆಟ್ರೋಲನ್ನು ಕುಡಿಯುತ್ತ ಒಂದೇ ಸಮನೆ ಗುರುಗುಟ್ಟುತ್ತಿತ್ತು. ಅದೊಂದೇ ನೂಕುತ್ತಿದ್ದುದರಿಂದ ದೋಣಿ ಎಡಕ್ಕೆಡಕ್ಕೆ ವಾಲುತ್ತಿತ್ತು; ಭಾವ ಚುಕ್ಕಾಣಿಯನ್ನು ಬಲಕ್ಕೆ ಹಿಡಿದೇ ಇದ್ದರು. ಗಂಟೆಗೆ ಆರು ಮೈಲಿ. ಅದಕ್ಕಿಂತ ಹೆಚ್ಚು ಸಾಗದು. ಅಲೆಗಳು ಎದ್ದವು. ದೀಪಗೃಹದ ಬಳಿ ಬರುವಾಗ ಮಿಂಚು ನೀರಿಗಿಳಿದದ್ದನ್ನು ಕಣ್ಣಾರೆ ಕಂಡೆ. ಅಕ್ಕ ಮಗಳನ್ನು ಕೆಳಗಿನ ಕೋಣೆಯಲ್ಲಿ ಕೂರಿಸಿ, ತಾನು ಮಾತ್ರ ಮೇಲೆ ಬಂದು ಭಾವನವರ ಪಕ್ಕದಲ್ಲಿ ನಿಂತಳು. ಒಮ್ಮೆ ಎಂಜಿನ್ನಿನ ಧ್ವನಿ ತುಸು ಬದಲಾದಂತೆ ಕೇಳಿ ನಾವು ಮೂವರೂ ಏಕಕಾಲದಲ್ಲಿ ಒಬ್ಬರನ್ನೊಬ್ಬರು ನೋಡಿದೆವು. ಅಲೆ ಬಡಿದ ಸದ್ದು, ಅಷ್ಟೆ.

ನದಿಯ ಬಾಯಿ ಹೊಕ್ಕಾಗ ಮಳೆ ಸುರಿಯಿತು. ಮೇಲೆ ಚಪ್ಪರವಿಲ್ಲ. ಕಟ್ಟೆ ಸೇರುವಷ್ಟರಲ್ಲಿ ಮೂವರೂ ತೊಯ್ದು ತೊಪ್ಪೆ. ಒಂದೇ ಎಂಜಿನ್ನಿನಿಂದ ದೋಣಿಯನ್ನು ಕಟ್ಟೆಗೆ ಹೊಂದಿಸಲು ಭಾವ ಹೆಣಗುತ್ತಿರುವಾಗ, ಎಂದೂ ಹಗ್ಗ ಮುಟ್ಟದ ಅಕ್ಕ, ಮೊದಲ ಎಸೆತಕ್ಕೇ ಅದನ್ನು ಗೂಟಕ್ಕೆ ಸಿಕ್ಕಿಸಿದಳು.

ಮರುದಿನ ನೀರು ಬಂದ ದಾರಿ ತಿಳಿಯಿತು. ಎಡ ಟ್ಯಾಂಕಿಗೆ ಪೆಟ್ರೋಲು ಸುರಿಯುವ ಬಾಯಿ ದೋಣಿಯ ಮೇಲ್ಗಡೆ ಇದೆ. ಅದರ ಮುಚ್ಚಳದ ಅಡಿಯ ರಬ್ಬರು ಬಳೆ ಬಿರಿದಿತ್ತು. ಮಳೆಯ ನೀರು, ನಾವು ತೊಳೆದ ನೀರು, ಎಲ್ಲವೂ ಅಲ್ಲಿಂದಲೇ ಇಳಿದಿತ್ತು. ಭಾವ ಹೊಸದನ್ನು ತಂದು ಹಾಕಿದರು. ರಾತ್ರಿ ಊಟವಾದ ಮೇಲೆ ಅಕ್ಕ ಜಮಾಖರ್ಚಿನ ಪುಸ್ತಕ ತೆರೆದು ಕುಳಿತಳು.

"ಆ ಬಳೆಗೆ ಎಷ್ಟಾಯಿತು?"

"ಎರಡು ಡಾಲರ್."

ಅಕ್ಕ ತಲೆಯೆತ್ತಿ ಭಾವನನ್ನು ಒಮ್ಮೆ ನೋಡಿದಳು. ಏನೂ ಹೇಳಲಿಲ್ಲ. 1,400ರ ಕೆಳಗೆ 2 ಎಂದು ಬರೆದು, ಅದರ ಕೆಳಗೆ "ಚಪ್ಪರ" ಎಂದು ಬರೆದು, ಮುಂದೆ ಜಾಗವನ್ನು ಖಾಲಿ ಬಿಟ್ಟಳು.