ಒಣಗಿಸಿದ ಗ್ಯಾಸು

12 ಜುಲೈ 2025, ಶನಿವಾರ

ಅಂತೂ ಮನೆಗೆ ಪೈಪ್ ಗ್ಯಾಸ್ ಬಂತು. ಮೀಟರ್ ಕೂರಿಸಿದ ಹುಡುಗ ಜಾಯಿಂಟಿಗೆಲ್ಲ ಸೋಪಿನ ನೊರೆ ಹಚ್ಚಿ ನೋಡಿದ. ಗುಳ್ಳೆ ಏಳಲಿಲ್ಲ. ಒಲೆಗೆ ಬರುವ ಒತ್ತಡ ಬರೀ 21 ಮಿಲಿಬಾರ್; ಬಲೂನು ಊದುವಾಗ ಬಾಯಿಂದ ಇದಕ್ಕಿಂತ ಜಾಸ್ತಿ ಬಂದೀತು.

‘ನೀವು ಸಮುದ್ರದಿಂದ ಕಳಿಸ್ತಿದ್ರಲ್ಲ, ಅದೇ ಗ್ಯಾಸಾ ಇದು?’ ಅಂದಳು ಇವಳು. ಹೌದೆನ್ನಲು ಆಸೆಯೇ. ಆದರೆ ದಾಭೋಳದಿಂದ ಬೆಂಗಳೂರಿಗೆ ಬರುವ ಪೈಪಿನಲ್ಲಿ ಹಡಗಲ್ಲಿ ಬಂದ ಪರದೇಶದ ಗ್ಯಾಸೂ ಇರುತ್ತೆ. ಬೆರೆತ ಮೇಲೆ ಯಾವ ಊರಿನದೆಂದು ಗುರುತು ಹಿಡಿಯುವುದು ಹೇಗೆ? ಸಮುದ್ರದಲ್ಲಿ ನಾವು ತೆಗೆಯುತ್ತಿದ್ದ ಬಸೀನ್ ಗ್ಯಾಸಿಗಾದರೆ ಕೊಳೆತ ಮೊಟ್ಟೆಯ ನಾತ. ದಡದ ಮೇಲೆ, ಹಜೀರಾದಲ್ಲಿ ಅದನ್ನು ತೊಳೆಯುತ್ತಿದ್ದರು. ಈಗಿನ ವಾಸನೆ, ಸೋರಿದರೆ ಗೊತ್ತಾಗಲಿ ಅಂತ ಬೇಕಂತಲೇ ಬೆರೆಸಿದ್ದು.

15 ಜುಲೈ, ಮಂಗಳವಾರ

‘ಸಮುದ್ರದ ಪ್ಲಾಟ್‌ಫಾರಂ ಮೇಲೆ ಏನ್ ಮಾಡ್ತಿದ್ರಿ ತಾತ?’ ಮೊಮ್ಮಗನ ಪ್ರಶ್ನೆ. ‘ನೀರು ತೆಗೀತಿದ್ದೆ’ ಅಂದೆ. ನಕ್ಕ.

ಸುಳ್ಳೇನಲ್ಲ. ಗ್ಯಾಸಿನ ಬಾವಿಯಿಂದ ಎಲ್ಲ ಕಲಸಿಕೊಂಡೇ ಬರುತ್ತದೆ. ಅಡ್ಡ ಮಲಗಿಸಿದ ಡ್ರಮ್ಮಿನಂಥ ಸೆಪರೇಟರಿನಲ್ಲಿ ಅದರ ವೇಗ ತಗ್ಗಿ, ತಳಕ್ಕೆ ನೀರು, ಅದರ ಮೇಲೆ ಕಂಡೆನ್ಸೇಟು, ಎಲ್ಲಕ್ಕೂ ಮೇಲೆ ಗ್ಯಾಸು. ಸಾರು ತಿಳಿಯಾದ ಹಾಗೆ. ಕಂಡೆನ್ಸೇಟು ನೋಡಲು ಥೇಟ್ ಪೆಟ್ರೋಲು. ಗ್ಯಾಸಿನಲ್ಲಿ ಉಳಿದ ತೇವ ತೆಗೆಯಲು ಎತ್ತರದ ಗೋಪುರ. ಮೇಲಿಂದ ಗ್ಲೈಕಾಲ್ ಇಳಿಯುತ್ತದೆ, ಕೆಳಗಿಂದ ಗ್ಯಾಸು ಏರುತ್ತದೆ, ತೇವವನ್ನು ಗ್ಲೈಕಾಲ್ ಕುಡಿಯುತ್ತದೆ. ಅದನ್ನು ಸುಮಾರು 200 ಡಿಗ್ರಿಗೆ ಕಾಯಿಸಿ ನೀರನ್ನು ಹಬೆ ಮಾಡಿ ಓಡಿಸಿದರೆ ಮತ್ತೆ ಗೋಪುರಕ್ಕೆ. ಒಣಗಿದ ಗ್ಯಾಸು, ಕಂಡೆನ್ಸೇಟು ಎರಡೂ ಒಂದೇ ಪೈಪಿನಲ್ಲಿ ಇನ್ನೂರು ಕಿ.ಮೀ.ಗೂ ಹೆಚ್ಚು ದೂರ, ಹಜೀರಾಕ್ಕೆ.

ತೇವ ಉಳಿದರೆ ಮಂಜುಗಡ್ಡೆಯಂಥ ಹೈಡ್ರೇಟ್ ಕಟ್ಟುತ್ತದೆ. ಒತ್ತಡ ಹೆಚ್ಚಿದ್ದರೆ ಸೊನ್ನೆ ಡಿಗ್ರಿಯೂ ಬೇಡ, 15 ಡಿಗ್ರಿಗೇ ಪೈಪು ಮುಚ್ಚಿಹೋದೀತು. ಒಮ್ಮೆ ಸ್ಟ್ರೇನರ್ ಬಿಚ್ಚಿದಾಗ ಬಿಳೀ ಗಡ್ಡೆ ಸಿಕ್ಕಿತ್ತು, ಕೊಳೆಯಾದ ಪಟಿಕದಂತೆ. ಗ್ಲೌಸಿನ ಮೇಲಿಟ್ಟರೆ ಚರಚರ ಅನ್ನುತ್ತ ಕರಗಿತು.

ಇವತ್ತೂ ನಲ್ಲಿಗೆ ಕಾವೇರಿ ನೀರು ಬರಲಿಲ್ಲ. ಆಯುಷ್ಯವೆಲ್ಲ ನೀರು ತೆಗೆದವನು ಟ್ಯಾಂಕರಿನವನಿಗೆ ಮೂರು ಸಲ ಫೋನು ಮಾಡಿದೆ. ‘ದೇವೇಗೌಡ ಪೆಟ್ರೋಲ್ ಬಂಕ್ ಹತ್ರ ಬಂದೆ ಸಾರ್’ ಅಂದವನು ಬಂದದ್ದು ಸಂಜೆಗೆ.

27 ಜುಲೈ, ಭಾನುವಾರ

ಬಾಂಬೆ ಹೈ ನಾರ್ತ್ ಪ್ಲಾಟ್‌ಫಾರಂ ಸುಟ್ಟು ಇವತ್ತಿಗೆ 20 ವರ್ಷ. ಹಿಂದಿನ ದಿನವಷ್ಟೇ ಮುಂಬೈ ಮಳೆಯಲ್ಲಿ ಮುಳುಗಿತ್ತು. ಹೆಲಿಕಾಪ್ಟರ್ ಹಾರುವ ಹಾಗಿರಲಿಲ್ಲ. ಬೆರಳಿಗೆ ಪೆಟ್ಟಾದ ಅಡುಗೆಯವನನ್ನು ಪ್ಲಾಟ್‌ಫಾರಂ ಮೇಲಕ್ಕೆತ್ತಲು ಹಡಗು ಹತ್ತಿರ ಬಂತು, ಅಲೆಗೆ ಸಿಕ್ಕಿ ರೈಸರಿಗೆ ಬಡಿಯಿತು. ಸಮುದ್ರದ ತಳದಿಂದ ಮೇಲೇರುವ ಪೈಪು ಅದು. ವಾಲ್ವು ಮುಚ್ಚಿದರೂ ಒಳಗೆ ತುಂಬಿದ್ದು ಉರಿದೇ ತೀರಬೇಕು. 22 ಜನ ಹೋದರು.

ನನ್ನದು ಬೇರೆ ಪ್ಲಾಟ್‌ಫಾರಂ, ಮೇಲಾಗಿ ಆಗ ರಜೆಯ ಹದಿನಾಲ್ಕು ದಿನ. ಇದೇ ಹಾಲಿನಲ್ಲಿ ಕೂತು ಟೀವಿಯಲ್ಲಿ ನೋಡಿದ್ದೆ.

ಹಳೇ ಶಿಫ್ಟಿನ ಗೆಳೆಯ ಪ್ರತಿ ವರ್ಷದಂತೆ ಹುಬ್ಬಳ್ಳಿಯಿಂದ ಫೋನು ಮಾಡಿದ. ಅರ್ಧ ಗಂಟೆ ಮಾತಾಡಿದೆವು, ಎರಡೂ ಊರಿನ ಮಳೆಯ ವಿಷಯ.