ಅಂಪೈರ್ ಯಾಕೆ ಬಾಯಿ ಬಿಡಬಾರದು?

2008ರ ಸಿಡ್ನಿ ಟೆಸ್ಟ್ ನೆನಪಿದೆಯಲ್ಲ? ಆಸ್ಟ್ರೇಲಿಯಾದ ಸೈಮಂಡ್ಸ್ 30 ರನ್ ಗಳಿಸಿದ್ದಾಗ ಚೆಂಡು ಬ್ಯಾಟಿಗೆ ತಾಗಿ ಧೋನಿ ಕೈ ಸೇರಿತು. ಅಂಪೈರ್ ಸ್ಟೀವ್ ಬಕ್ನರ್ ಔಟ್ ಕೊಡಲಿಲ್ಲ. ಪುಣ್ಯಾತ್ಮ ಔಟಾಗದೆ 162 ಹೊಡೆದ. ಕೊನೆಯ ದಿನ ನಮ್ಮ ದ್ರಾವಿಡ್ ಪ್ಯಾಡಿಗೆ ಬಡಿದ ಚೆಂಡಿಗೆ ಕ್ಯಾಚ್ ಔಟ್! ನಾಯಕ ಕುಂಬ್ಳೆ ಪತ್ರಿಕಾಗೋಷ್ಠಿಯಲ್ಲಿ ಮಾತಾಡಿದರು, ಸೈಮಂಡ್ಸ್ ಕೂಡ ಚೆಂಡು ತಾಗಿತ್ತು ಅಂತ ಒಪ್ಪಿಕೊಂಡ. ಬಕ್ನರ್ ಅವರನ್ನು ಮಾತ್ರ ಮುಂದಿನ ಪರ್ತ್ ಟೆಸ್ಟಿನಿಂದ ಕೈಬಿಟ್ಟರು. ಶಿಕ್ಷೆ ಸಿಕ್ಕಿತು, ವಿವರಣೆ ಸಿಗಲಿಲ್ಲ.

ಹಾಗಂತ ಪಂದ್ಯ ಮುಗಿದ ಕೂಡಲೇ ಅಂಪೈರನ್ನು ಮೈಕುಗಳ ಮುಂದೆ ಕಟಕಟೆಯಲ್ಲಿ ನಿಲ್ಲಿಸಿದಂತೆ ನಿಲ್ಲಿಸುವುದು ನನಗೆ ಒಪ್ಪಿಗೆಯಿಲ್ಲ. ಅಲ್ಲಿ ನಡೆಯುವುದು ಪ್ರಶ್ನೋತ್ತರ ಅಲ್ಲ, ಬೇಟೆ. (ಫೋನ್ ಹಿಡಿದ ನಾವೇನು ಕಮ್ಮಿಯೇ!)

ಇನ್ನೊಂದು ದಾರಿ ಇದೆ, ಫುಟ್‌ಬಾಲ್ ತೋರಿಸಿದ್ದು. 2023ರಲ್ಲಿ ಟಾಟೆನ್‌ಹ್ಯಾಮ್ ವಿರುದ್ಧ ಲಿವರ್‌ಪೂಲ್‌ನ ಲೂಯಿಸ್ ಡಿಯಾಜ್ ಹೊಡೆದ ನ್ಯಾಯವಾದ ಗೋಲು ಆಫ್‌ಸೈಡ್ ಆಗಿ ರದ್ದಾಯಿತು. ಮೈದಾನದಲ್ಲಿ ಗೋಲು ಕೊಟ್ಟಿದ್ದಾರೆ ಅಂದುಕೊಂಡೇ ವಿಡಿಯೋ ರೆಫರಿ 'ಪರಿಶೀಲನೆ ಮುಗಿಯಿತು' ಅಂದುಬಿಟ್ಟಿದ್ದರು. ತಪ್ಪು ಗೊತ್ತಾಗುವಷ್ಟರಲ್ಲಿ ಆಟ ಮತ್ತೆ ಶುರುವಾಗಿತ್ತು. ಕೆಲವೇ ದಿನಗಳಲ್ಲಿ ರೆಫರಿಗಳ ಆ ಮಾತುಕತೆಯ ಧ್ವನಿಮುದ್ರಣವನ್ನು ಹೊರಬಿಟ್ಟರು. ಕೇಳಿದವರಿಗೆ ಮೋಸ ಕಾಣಲಿಲ್ಲ, ಗಡಿಬಿಡಿ ಕಂಡಿತು. ಪಿತೂರಿಯ ಕಥೆ ಕಟ್ಟುವವರು ಆಮೇಲೂ ಕಟ್ಟಿದರು, ಬಿಡಿ.

ಕ್ರಿಕೆಟ್ಟಿನಲ್ಲಿ ಮೂರನೇ ಅಂಪೈರ್ ಮಾತು ಟೀವಿಯಲ್ಲಿ ಕೇಳುತ್ತದೆ. ಮೈದಾನದಲ್ಲಿರುವವರಿಗೂ ಮರುದಿನ ನಾಲ್ಕು ಸಾಲು ಬರೆದು ಕೊಡುವ ಅವಕಾಶ ಇರಲಿ. ತಪ್ಪಿದ್ದರೆ ತಪ್ಪು ಅನ್ನಲಿ. ನೀವೇನಂತೀರಿ?